ಸೂಳೆಕೆರೆಯ ಆಚೆಯ ದಡ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೋಡಲು ಹೋದವರು ಸಾಮಾನ್ಯವಾಗಿ ಏರಿಯ ಮೇಲೆ ನಿಂತು, ನೋಡಿ, ಹಿಂದಿರುಗುತ್ತಾರೆ. ಅದು ಸಹಜವೇ. ಎಡಕ್ಕೊಂದು ಬಲಕ್ಕೊಂದು ಗುಡ್ಡ. ನಡುವೆ ಕಲ್ಲಿನ ಕಟ್ಟೆ. ಸಮೀಪದಲ್ಲಿ ಸಿದ್ಧೇಶ್ವರನ ಗುಡಿ. ಎದುರಿಗೆ ಕಣ್ಣು ಹಾಯುವವರೆಗೂ ನೀರು. ಗಾಳಿಯಿದ್ದರೆ ಕಟ್ಟೆಯ ಕಲ್ಲಿಗೆ ಅಲೆ ಬಡಿಯುವ ಸದ್ದು ಕೇಳುತ್ತದೆ. ಗಾಳಿ ಬಿದ್ದರೆ ಅದೂ ಇಲ್ಲ. ಸಂಜೆಯ ಹೊತ್ತಿನಲ್ಲಿ ಗುಡ್ಡದ ನೆರಳು ನೀರಿನ ಮೇಲೆ ಉದ್ದವಾಗುತ್ತ ಹೋಗುವುದನ್ನು ನೋಡುತ್ತ ಕುಳಿತವನಿಗೆ ಈ ನೀರು ಮನುಷ್ಯನು ಕಟ್ಟಿ ನಿಲ್ಲಿಸಿದ್ದೆಂಬ ನೆನಪೇ ಆಗುವುದಿಲ್ಲ. ದೇವರೇ ಇಟ್ಟ ಸರೋವರವೆಂದು ತೋರುತ್ತದೆ.

ಆದರೆ ಕೆರೆಯ ದಡವೆಂದರೆ ಏರಿಯೊಂದೇ ಅಲ್ಲ. ಈ ಏರಿಯ ಉದ್ದ ಸುಮಾರು ೯೫೦ ಅಡಿ. ಅದು ಹಿಡಿದು ನಿಲ್ಲಿಸಿರುವ ನೀರು ಕೆರೆ ತುಂಬಿದಾಗ ಹರಡುವುದು ಸುಮಾರು ೬,೫೫೦ ಎಕರೆ ಎಂದು ಲೆಕ್ಕ ಹೇಳುತ್ತಾರೆ. ಈ ನೀರನ್ನು ತಂದು ಕೊಡುವ ಜಲಾನಯನ ಪ್ರದೇಶ ಸುಮಾರು ೩೩೦ ಚದರ ಕಿಲೋಮೀಟರು. ಸಾವಿರ ಅಡಿಗೂ ಕಡಿಮೆಯಾದ ಒಂದು ಕಟ್ಟೆಯನ್ನು ಬಿಟ್ಟರೆ ಉಳಿದ ದಡವೆಲ್ಲ, ಮೈಲಿಗಟ್ಟಲೆ, ಯಾರೂ ಕಟ್ಟಿದ್ದಲ್ಲ. ನೀರು ತಗ್ಗನ್ನು ಅರಸುತ್ತ ಹೋಗಿ ತಾನೇ ಮಾಡಿಕೊಂಡದ್ದು. ಅಲ್ಲಿಗೆ ನೋಡಲು ಹೋಗುವವರು ಕಡಿಮೆ. ದನ ಕಾಯುವವರು, ಮೀನು ಹಿಡಿಯುವವರು, ದಡದ ಹೊಲದವರು, ಇಷ್ಟೇ ಮಂದಿ.

ಆ ದಡದಲ್ಲಿ ಏರಿಯ ಗಾಂಭೀರ್ಯವಿಲ್ಲ. ಬೇರೆ ಒಂದು ಚೆಲುವಿದೆ. ಅಲ್ಲಿ ನೀರಿಗೂ ನೆಲಕ್ಕೂ ನಡುವೆ ಗೆರೆಯೆಂಬುದಿಲ್ಲ. ಮೊದಲು ಹೊಲ, ಆಮೇಲೆ ಹುಲ್ಲು, ಆಮೇಲೆ ಒದ್ದೆ ಹುಲ್ಲು, ಆಮೇಲೆ ಜೊಂಡು, ಆಮೇಲೆ ಯಾವಾಗಲೋ ನೀರು. ಬೆಳ್ಳಕ್ಕಿ ನಿಂತ ಕಡೆ ನೆಲವಿರಬೇಕೆಂದುಕೊಂಡರೆ ಅದು ಮೊಣಕಾಲುದ್ದದ ನೀರಿನಲ್ಲಿ ನಿಂತಿರುತ್ತದೆ. ಎಮ್ಮೆಗಳು ಬರಿಯ ಮೂಗು ಕೋಡುಗಳನ್ನು ಮೇಲಿಟ್ಟುಕೊಂಡು ಮಲಗಿರುತ್ತವೆ. ಮಾರ್ಗಶಿರದಲ್ಲಿ ನೀರಿದ್ದ ಜಾಗ ಚೈತ್ರದ ಹೊತ್ತಿಗೆ ದನಗಳ ಹುಲ್ಲುಗಾವಲಾಗುತ್ತದೆ, ವೈಶಾಖದಲ್ಲಿ ಬಿರಿದ ಕಪ್ಪು ಮಣ್ಣಾಗುತ್ತದೆ. ಏರಿಯ ದಡ ಒಂಬೈನೂರು ವರ್ಷ ನಿಂತಲ್ಲಿ ನಿಂತಿದೆ. ಆಚೆಯ ದಡ ಪ್ರತಿವರ್ಷವೂ ನಡೆದು ಹೋಗಿ ನಡೆದು ಬರುತ್ತದೆ.

ನಮ್ಮ ಭಾಷೆಯೂ ಏರಿಯ ಪಕ್ಷಪಾತಿಯೇ. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು, ನೀರಗಂಟಿ: ಕೆರೆಯ ಈಚೆಗೆ, ಅಂದರೆ ಏರಿಯ ಕೆಳಗಡೆಗೆ, ಎಷ್ಟೊಂದು ಮಾತುಗಳಿವೆ! ಹಳಗನ್ನಡದ ತೂಂಬು ಇಂದಿನ ತೂಬಾಗಿ ಬದುಕಿದೆ. ನೀರು ಮುಳುಗಿಸಿದ ಕಡೆಗೆ ಹೆಚ್ಚಿನ ಮಾತಿಲ್ಲ. ಕೆರೆಯಂಗಳ, ಹಿನ್ನೀರು ಎಂದು ಹೇಳಿ ಸುಮ್ಮನಾಗುತ್ತೇವೆ. ಶಾಸನಗಳನ್ನು ಓದುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ದಾನಕೊಟ್ಟ ಗದ್ದೆಯ ಎಲ್ಲೆಯನ್ನು ಹೇಳುವಾಗ ‘ಕೆರೆಯ ಕೆಳಗೆ’ ಎಂಬ ಮಾತು ಎಷ್ಟು ಸಲ ಬರುತ್ತದೆಂದರೆ, ಕನ್ನಡನಾಡಿನ ದಾನವೆಲ್ಲ ಯಾವುದೋ ಒಂದು ಕೆರೆಯ ಕೆಳಗೇ ನಡೆದಂತೆ ತೋರುತ್ತದೆ. ಕೆರೆಯನ್ನು ಕಟ್ಟಿದವನಿಗೆ ಕಟ್ಟುಗೊಡಗೆ. ಕೆರೆಯ ರಕ್ಷಣೆಗೆ ಬಿತ್ತುವಟ್ಟ. ಹೂಳೆತ್ತುವ ಬಂಡಿಗೆ, ಬಂಡಿಯ ಎತ್ತು ಕೋಣಗಳಿಗೆ, ಅಚ್ಚಿನ ಎಣ್ಣೆಗೆ ಕೂಡ ದತ್ತಿ. ಕೆರೆಯ ಮೇಲುಗಡೆ ಇದ್ದವರ ಮಾತನ್ನು ಕಲ್ಲಿನ ಮೇಲೆ ಕಾಣುವುದು ಅಪರೂಪ.

ಕೆರೆಯನ್ನು ಹೊಗಳುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಕದಂಬ ಮಯೂರಶರ್ಮನ ಕಾಲದ ಚಂದ್ರವಳ್ಳಿಯ ಬಂಡೆಶಾಸನ ಹೇಳುವುದೇ ಕೆರೆಯ ಮಾತನ್ನು. ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವನ್ನು ಕದಂಬ ವಂಶದ ಇತಿಹಾಸಕ್ಕಾಗಿ ಓದುತ್ತೇವೆ. ಮಯೂರಶರ್ಮನು ಕಂಚಿಗೆ ಓದಲು ಹೋಗಿ ಜಗಳವಾಡಿ ರಾಜ್ಯ ಕಟ್ಟಿದ ಕಥೆಗಾಗಿ ಓದುತ್ತೇವೆ. ಆದರೆ ಕುಬ್ಜನೆಂಬ ಕವಿ ಆ ಸಂಸ್ಕೃತ ಕಾವ್ಯವನ್ನು ಬರೆದ ಸಂದರ್ಭ, ಕಾಕುಸ್ಥವರ್ಮನು ಅಲ್ಲಿನ ದೇವಾಲಯದ ಬಳಿ ಒಂದು ಕೆರೆಯನ್ನು ಕಟ್ಟಿಸಿದ್ದು. ಒಂದು ರಾಜವಂಶದ ಚರಿತ್ರೆ ನಮಗೆ ಉಳಿದದ್ದು ಒಂದು ಕೆರೆಯ ದೆಸೆಯಿಂದ! ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಹಾಲೂಡಿಸುವಾಗಲೇ ಮಗುವಿನ ಕಿವಿಯಲ್ಲಿ ಕೆರೆ ಕಟ್ಟಿಸೆಂದು ಹೇಳಿದಳೆಂಬ ಮಾತನ್ನು ನಮ್ಮ ವಿದ್ಯಾರ್ಥಿಗಳೆಲ್ಲ ಬಲ್ಲರು.

ಕೆರೆ ಹೇಗಿರಬೇಕೆಂಬುದಕ್ಕೂ ಶಾಸ್ತ್ರವಿತ್ತು. ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ೧೩೬೯ರಲ್ಲಿ ಹಾಕಿಸಿದ ಶಾಸನ ಈ ವಿಷಯದಲ್ಲಿ ಒಂದು ಸಣ್ಣ ಕೈಪಿಡಿಯೇ ಸರಿ. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳು ಬೇಕೆಂದು ಅದು ಎಣಿಸುತ್ತದೆ. ಧರ್ಮವಂತನಾದ ಅರಸು, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ನೀಳವಾದ ಕಲ್ಲು ಸಿಗುವ ಗಣಿ, ನುರಿತ ಕೆಲಸಗಾರರು, ಹೀಗೆ ಸಾಗುವ ಪಟ್ಟಿಯಲ್ಲಿ ಒಂದು ಮಾತು ನಮ್ಮ ವಿಷಯಕ್ಕೆ ಬೇಕಾದದ್ದು: ಕಟ್ಟೆ ಗುಡ್ಡಗಳ ನಡುವೆ ಇರಬೇಕು, ಬಹಳ ಉದ್ದವಾಗಿರಬಾರದು, ಗಟ್ಟಿಯಾಗಿರಬೇಕು. ಆಮೇಲೆ ಆರು ದೋಷಗಳನ್ನು ಹೇಳುತ್ತದೆ. ಕಟ್ಟೆಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗುವುದು. ಆ ಕೆರೆಯ ಕೆಲಸಕ್ಕೆ ದಿನವೂ ಸಾವಿರ ಆಳು, ಕಲ್ಲು ತರಲು ನೂರು ಬಂಡಿ, ಎರಡು ವರ್ಷ ಹಿಡಿಯಿತಂತೆ. ಹನ್ನೆರಡು ಸಾಧನಗಳಲ್ಲಿಯೂ ಆರು ದೋಷಗಳಲ್ಲಿಯೂ ಮುಳುಗುವ ಊರಿನ ಪ್ರಸ್ತಾಪವಿಲ್ಲ.

ಈ ಶಾಸ್ತ್ರದ ಒರೆಗಲ್ಲಿಗೆ ಸೂಳೆಕೆರೆಯನ್ನು ತಿಕ್ಕಿ ನೋಡಿದರೆ, ಕಟ್ಟೆಯ ವಿಷಯದಲ್ಲಿ ಅದು ಅಪ್ಪಟ ಚಿನ್ನ. ಹರಿದ್ರಾ ಎಂಬ ಹೊಳೆ ಗುಡ್ಡಗಳ ಸಾಲನ್ನು ಸೀಳಿಕೊಂಡು ಹೊರಬೀಳುವ ಇಕ್ಕಟ್ಟಾದ ಬಾಯಿ. ಅದನ್ನು ಮುಚ್ಚಿದರೆ ಸಾಕು, ಹಿಂದಿನ ಬಯಲೆಲ್ಲ ಪಾತ್ರೆಯಾಗುತ್ತದೆ. ಆ ಬಾಯನ್ನು ಗುರುತಿಸಿದ ಕಣ್ಣು ಸಾಮಾನ್ಯರದಲ್ಲ. ಎರಡು ತೂಬುಗಳು, ಸಿದ್ಧ ಮತ್ತು ಬಸವ ಎಂದು. ಅವುಗಳಿಂದ ಹೊರಟ ನಾಲೆಗಳಿಗೂ ಅವೇ ಹೆಸರು. ಮೈಸೂರಿನ ಗ್ಯಾಸೆಟಿಯರನ್ನು ಬರೆದ ಲೂಯಿ ರೈಸರು ಈ ಏರಿ ಅಷ್ಟೇನೂ ನೆಟ್ಟಗಿಲ್ಲ, ಕಟ್ಟಡವೂ ಅಷ್ಟು ಅಚ್ಚುಕಟ್ಟಲ್ಲ ಎಂದು ಮೊದಲು ಹೇಳಿ, ಶತಮಾನಗಳ ಪ್ರವಾಹವನ್ನು ತಡೆದುಕೊಂಡು ನಿಂತಿದೆಯೆಂದು ಆಮೇಲೆ ಒಪ್ಪಿಕೊಂಡಿದ್ದಾರೆ. ಅದಕ್ಕಿಂತ ಹೆಚ್ಚಿನ ಪ್ರಶಸ್ತಿಪತ್ರ ಕಟ್ಟೆಗೆ ಇನ್ನೇನು ಬೇಕು? ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಎಂಬಾತನು, ಈ ಸೀಮೆಯಲ್ಲಿ ಹೊಸದಾಗಿ ಒಂದು ಕೆರೆ ಕಟ್ಟಲು ಜಾಗ ಹುಡುಕಬೇಕಾದರೆ ಬಹಳ ಬುದ್ಧಿ ಖರ್ಚು ಮಾಡಬೇಕೆಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾನೆ. ನಮ್ಮವರು ಬಿಟ್ಟ ಜಾಗವಿಲ್ಲವೆಂದೇ ಅದರ ತಾತ್ಪರ್ಯ.

ಏಷ್ಯಾ ಖಂಡದಲ್ಲಿ ಇದು ಎರಡನೆಯ ದೊಡ್ಡ ಕೆರೆಯೆಂದು ಎಲ್ಲರೂ ಹೇಳುತ್ತಾರೆ. ಈ ಬಗೆಯ ಪಟ್ಟಿಗಳನ್ನು ನಾನು ಹೆಚ್ಚು ಹಚ್ಚಿಕೊಳ್ಳುವುದಿಲ್ಲ. ನೀರಿಗೆ ತಾನು ಎಷ್ಟನೆಯದೆಂಬ ಚಿಂತೆಯಿಲ್ಲ.

ಇನ್ನು ಆಚೆಯ ದಡದ ಚರಿತ್ರೆಗೆ ಬರೋಣ. ಅದಕ್ಕೆ ಶಾಸನದ ನೆರವಿಲ್ಲ. ಇರುವುದು ಕಥೆ ಮತ್ತು ಒಂದು ಹೆಸರು.

ಕೆರೆಯ ಕಾಲವನ್ನು ಜನ ೧೧೨೮ ಎಂದು ಹೇಳುತ್ತ ಬಂದಿದ್ದಾರೆ. ಆಗ ಕಲ್ಯಾಣದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ ಮೂರನೆಯ ಸೋಮೇಶ್ವರ, ದೋರಸಮುದ್ರದಲ್ಲಿ ವಿಷ್ಣುವರ್ಧನ, ನೊಳಂಬವಾಡಿಯ ಈ ಭಾಗಗಳಲ್ಲಿ ಉಚ್ಚಂಗಿಯ ಪಾಂಡ್ಯರು. ಕಥೆಯಲ್ಲಿ ಬರುವ ಅರಸನಾದರೋ ಇವರಲ್ಲಿ ಯಾರೂ ಅಲ್ಲ. ಅವನು ಸ್ವರ್ಗಾವತಿಯೆಂಬ ಪಟ್ಟಣದ ವಿಕ್ರಮರಾಯ. ಅವನ ಮಗಳು ಶಾಂತವ್ವೆ. ಆಕೆ ಸಿದ್ಧೇಶ್ವರನನ್ನು ಒಲಿದಳು. ಆ ಒಲವಿನ ದೋಷಕ್ಕೆ ಪ್ರಾಯಶ್ಚಿತ್ತವಾಗಿ ಲೋಕೋಪಕಾರದ ಕೆಲಸವೊಂದನ್ನು ಕೈಗೊಂಡು ಕೆರೆ ಕಟ್ಟಿಸಿದಳು. ಕೆರೆ ತುಂಬಿತು, ತಂದೆಯ ಪಟ್ಟಣ ಮುಳುಗಿತು. ಊರು ಕಳೆದುಕೊಂಡ ಅರಸು ಸಿಟ್ಟಿನಿಂದ, ಇದು ಸೂಳೆಯ ಕೆರೆಯಾಗಲಿ ಎಂದು ಶಪಿಸಿದ. ರೈಸರ ಗ್ಯಾಸೆಟಿಯರಿನಲ್ಲಿರುವ ಕಥೆಯ ಹುರುಳು ಇದೇ.

ಊರವರು ಹೇಳುವ ಇನ್ನೊಂದು ಪಾಠವಿದೆ. ಅದರಂತೆ, ಕೆರೆಗೆ ಬೇಕಾದ ತಗ್ಗಿನ ನೆಲ ಸೂಳೆಯರದಾಗಿತ್ತು. ಶಾಂತವ್ವೆ ಹೋಗಿ ಕೇಳಿದಳು. ಅವರು ಹಣಕ್ಕೆ ಒಪ್ಪಲಿಲ್ಲ. ನೆಲ ಬಿಟ್ಟುಕೊಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರಿರಬೇಕು ಎಂದರು. ಶಾಂತವ್ವೆ ಒಪ್ಪಿದಳು.

ಚರಿತ್ರಕಾರರು ಇಂಥ ಕಥೆಗಳನ್ನು ಐತಿಹ್ಯವೆಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ವಾಡಿಕೆ. ವಿಕ್ರಮರಾಯನನ್ನು ವಂಶಾವಳಿಯಲ್ಲಿ ಹುಡುಕುವುದು ವ್ಯರ್ಥವೆಂಬುದು ನಿಜ. ಆದರೆ ಎರಡು ಪಾಠಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಹೆಸರು ಶಾಪ. ಇನ್ನೊಂದರಲ್ಲಿ ಹೆಸರು ಕರಾರು. ಒಂದರಲ್ಲಿ ಅದನ್ನಿಟ್ಟವನು ಅರಸು. ಇನ್ನೊಂದರಲ್ಲಿ ಸಮಾಜದ ಅಂಚಿನಲ್ಲಿದ್ದ ಹೆಂಗಸರು. ಇಷ್ಟು ಬೇರೆಯಾದ ಎರಡು ಕಥೆಗಳು ಒಂದು ಮಾತಿನಲ್ಲಿ ಮಾತ್ರ ಕೂಡುತ್ತವೆ: ಹೆಸರಿಟ್ಟವರು ನೀರಿನಿಂದ ನೆಲ ಕಳೆದುಕೊಂಡವರು. ಕೆರೆಯ ಕೆಳಗಿನವರು ಇಟ್ಟ ಹೆಸರಲ್ಲ ಅದು; ಕೆರೆಯ ಒಳಗೆ ಹೋದವರು ಇಟ್ಟದ್ದು. ಅರಸನ ಹೆಸರು ಕಲ್ಪಿತವಿರಬಹುದು, ಪಟ್ಟಣದ ಹೆಸರು ಕಲ್ಪಿತವಿರಬಹುದು. ಆರು ಸಾವಿರ ಎಕರೆ ನೆಲದ ಮೇಲೆ ನೀರು ಏರಿ ನಿಂತಾಗ ಅಲ್ಲಿಂದ ಎದ್ದು ಹೋಗಬೇಕಾದವರು ಯಾರೂ ಇರಲಿಲ್ಲವೆಂದು ನಂಬುವುದು ನನಗೆ ಕಷ್ಟ. ಅವರ ಮಾತು ಕಲ್ಲಿಗೆ ಏರಲಿಲ್ಲ, ಬಾಯಲ್ಲಿ ಉಳಿಯಿತು. ಬಾಯಿಂದ ಬಾಯಿಗೆ ಹೋಗುತ್ತ ಹೋಗುತ್ತ ಸಿಟ್ಟು ಸವೆದು ಬರಿಯ ಹೆಸರಾಯಿತು.

ಕೆರೆಗೂ ಹೆಣ್ಣಿಗೂ ನಮ್ಮ ಜನಪದರು ಹಾಕಿದ ಗಂಟು ಹಲವು ಬಗೆಯದು. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಮರೆತ ಕನ್ನಡಿಗನಿಲ್ಲ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಾಗ ಕಿರಿಯ ಸೊಸೆಯನ್ನು ಆಹುತಿ ಕೊಡುತ್ತಾರೆ. ಆಕೆ ಮಾತಿಲ್ಲದೆ ಹೋಗುತ್ತಾಳೆ. ಕೇಳಿದವರ ಕಣ್ಣಲ್ಲಿ ನೀರು ಬರುತ್ತದೆ. ಶಾಂತವ್ವೆಯ ಕಥೆ ಅದಕ್ಕೆ ವಿರುದ್ಧ. ಇಲ್ಲಿ ಹೆಣ್ಣು ಕೆರೆಗೆ ಬಲಿಯಲ್ಲ, ಕೆರೆಯ ಒಡತಿ. ಬಲಿಯಾದವಳಿಗೆ ಹಾಡು ಸಿಕ್ಕಿತು. ಕಟ್ಟಿಸಿದವಳಿಗೆ ಬೈಗುಳ ಸಿಕ್ಕಿತು. ಇದರ ಬಗ್ಗೆ ನಮ್ಮ ಜಾನಪದ ವಿದ್ವಾಂಸರು ಇನ್ನೂ ಸ್ವಲ್ಪ ಯೋಚಿಸಬೇಕು.

ಬೈಗುಳವೆಂದೆ. ಆ ಶಬ್ದ ಮೊದಲಿನಿಂದಲೂ ಈಗಿನಷ್ಟು ಕೀಳಾಗಿತ್ತೆ? ಚಾಳುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವೀನಾಪೋಟಿ ಮಹಾಕೂಟೇಶ್ವರನಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಒಪ್ಪಿಸಿದಳೆಂದು ಮಹಾಕೂಟದ ಶಾಸನ ಹೇಳುತ್ತದೆ. ಆಕೆಯ ತಾಯಿಯ ಹೆಸರನ್ನೂ ತಾಯಿಯ ತಾಯಿಯ ಹೆಸರನ್ನೂ ಗೌರವದಿಂದ ಕೊಡುತ್ತದೆ. ದೇವಾಲಯಗಳ ಸೂಳೆಯರು ಸಂಬಳ ಪಡೆದು, ದಾನ ಮಾಡಿ, ಶಾಸನಗಳಲ್ಲಿ ಹೆಸರು ಪಡೆದಿದ್ದಾರೆ. ಸೂಳೆಕೆರೆಗೆ ಹೇಳುವ ಕಾಲವಾದ ಹನ್ನೆರಡನೆಯ ಶತಮಾನದಲ್ಲೇ ‘ನಿರ್ಲಜ್ಜೇಶ್ವರ’ ಎಂಬ ಅಂಕಿತದ ವಚನಕಾರ್ತಿಯೊಬ್ಬಳನ್ನು ಶರಣರ ಲೋಕ ಸೂಳೆ ಸಂಕವ್ವೆಯೆಂದೇ ಕರೆಯಿತು. ಹಿಂದಿನ ವೃತ್ತಿಯ ಹೆಸರು ಅವಳ ಭಕ್ತಿಗೆ ಅಡ್ಡಬರಲಿಲ್ಲ. ಮದ್ದೂರಿನ ಸೀಮೆಯಲ್ಲಿಯೂ ಒಂದು ಸೂಳೆಕೆರೆಯುಂಟು. ಹೆಸರು ಚನ್ನಗಿರಿಯದಕ್ಕೆ ಮಾತ್ರ ಮೀಸಲಲ್ಲ. ಆದ್ದರಿಂದ ಎರಡನೆಯ ಪಾಠದ ಹೆಂಗಸರು ತಮ್ಮ ಹೆಸರನ್ನು ಕೇಳಿದಾಗ ನಾಚಿಕೆಯ ವಸ್ತುವನ್ನು ಕೇಳಿದರೆಂದು ಭಾವಿಸಬೇಕಾಗಿಲ್ಲ. ಬೇರೆಯವರು ಕೆರೆಗೆ ತಮ್ಮ ಹೆಸರಿಡುವಂತೆ ಅವರೂ ಇಟ್ಟರು, ಅಷ್ಟೆ.

ಇಲ್ಲಿ ಒಂದು ಹೋಲಿಕೆ ನೆನಪಿಗೆ ಬರುತ್ತದೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ಉತ್ತರಕ್ಕೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅದೇ ಹರಿದ್ರೆಗೆ ಕೆಳಗಡೆ ಒಂದು ಅಣೆಕಟ್ಟನ್ನು ಕಟ್ಟಿದ ಸಂಗತಿಯನ್ನು ಹರಿಹರದ ೧೪೧೦ರ ಶಾಸನ ತಿಳಿಸುತ್ತದೆ. ಮೊದಲನೆಯ ದೇವರಾಯನ ಕಾಲ. ಕಾಲುವೆ ಹರಿಹರದೇವರ ಭೂಮಿಯಲ್ಲಿ ಹಾದುಹೋಗಬೇಕು, ಕಟ್ಟುವವರು ಬ್ರಾಹ್ಮಣರು. ಆದ್ದರಿಂದ ಕಾಲುವೆಯಿಂದ ನೀರಾವರಿಯಾಗುವ ನೆಲದಲ್ಲಿ ದೇವರಿಗೆ ಎರಡು ಪಾಲು, ಬ್ರಾಹ್ಮಣರಿಗೆ ಒಂದು ಪಾಲು ಎಂದು ನಿಷ್ಕರ್ಷೆಯಾಯಿತು. ಮುಂದೆ ಅಣೆ ಒಡೆಯಿತು. ೧೪೨೪ರ ಶಾಸನ ಅದನ್ನು ಮತ್ತೆ ಕಟ್ಟಿಸಿದ ಸಂಗತಿ ಹೇಳುತ್ತದೆ. ಪಾಲುಗಾರರು ಯಾರು, ಯಾರ ಪಾಲೆಷ್ಟು, ಒಡೆದಾಗ ಯಾರು ಹಣ ಕೊಟ್ಟರು, ಎಲ್ಲವೂ ಕಲ್ಲಿನ ಮೇಲಿದೆ. ಒಂದೇ ಹೊಳೆ. ಅದರ ಕೆಳಗಿನ ತುದಿಯಲ್ಲಿ ದಸ್ತಾವೇಜು; ಮೇಲಿನ ತುದಿಯಲ್ಲಿ ಕಥೆ. ಕಥೆಯವರಿಗೂ ದಸ್ತಾವೇಜು ಬೇಕಾಗಿತ್ತೇನೋ. ಬರೆಸುವ ಶಕ್ತಿ ಇರಲಿಲ್ಲ.

ಇದು ಒಂದು ಕೆರೆಯ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಅರಸರು ಕೆರೆಗಳಿಗೆ ಸಮುದ್ರ, ಸಾಗರ ಎಂದು ಹೆಸರಿಡುತ್ತಿದ್ದರು. ಜನ ಬೇರೊಂದು ಹೆಸರಿನಿಂದ ಕರೆಯುತ್ತಿದ್ದರು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿ ೧೯೦೭ರಲ್ಲಿ ಮುಗಿಸಿದ ಜಲಾಶಯ ಕಾಗದದಲ್ಲಿ ವಾಣೀವಿಲಾಸಸಾಗರ, ಬಾಯಲ್ಲಿ ಮಾರಿಕಣಿವೆ. ಕಾವೇರಿಗೆ ೧೯೧೧ರಲ್ಲಿ ಪ್ರಾರಂಭವಾದ ಕಟ್ಟೆ ಕಾಗದದಲ್ಲಿ ಕೃಷ್ಣರಾಜಸಾಗರ. ಮಂಡ್ಯದ ರೈತನ ಬಾಯಲ್ಲಿ ಇಂದಿಗೂ ಕನ್ನಂಬಾಡಿ. ಕನ್ನಂಬಾಡಿಯೆಂದರೇನು? ಆ ನೀರಿನಲ್ಲಿ ಮುಳುಗಿದ ಊರು. ಅದರ ವೇಣುಗೋಪಾಲಸ್ವಾಮಿಯ ಗುಡಿ ನೀರು ಇಳಿದ ವರ್ಷಗಳಲ್ಲಿ ತಲೆಯೆತ್ತಿ ತೋರುತ್ತಿತ್ತು. ಈಗ ಅದನ್ನು ಬಿಚ್ಚಿ ತಂದು ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ಕಟ್ಟೆಯಿಂದ ಬಾಳಿದ ಮಂಡ್ಯದವರೇ ಮುಳುಗಿದ ಊರಿನ ಹೆಸರನ್ನು ಉಳಿಸಿಕೊಂಡದ್ದು ನನಗೆ ಬಹಳ ದೊಡ್ಡ ಮಾತೆಂದು ತೋರುತ್ತದೆ. ಶರಾವತಿಯ ಹಿನ್ನೀರಿನವರಿಗೆ ಆ ಸಮಾಧಾನವೂ ಇಲ್ಲ. ಲಿಂಗನಮಕ್ಕಿಯ ಕಟ್ಟೆ ೧೯೬೪ರದು. ಅದರಿಂದ ಎದ್ದು ಹೋದವರ ಭೂಮಿಯ ಹಕ್ಕುಪತ್ರದ ಮಾತು ಅವರ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಆ ಹಿನ್ನೀರಿನ ಸೌಂದರ್ಯವನ್ನು ಕುರಿತು ಮಾತ್ರ ಪುಟಗಟ್ಟಲೆ ಬರೆಯುತ್ತೇವೆ.

ಸೂಳೆಕೆರೆಗೂ ಹೊಸ ಹೆಸರು ಬಂದಿದೆ: ಶಾಂತಿಸಾಗರ. ಶಾಂತವ್ವೆಯ ನೆನಪು ಅದರಲ್ಲಿ ಸ್ವಲ್ಪ ಇದೆಯೆಂದು ಸಮರ್ಥಿಸಬಹುದು. ಕಿವಿಗೆ ಹಿತವಾಗಿಯೂ ಇದೆ. ದಡದ ಮೌನಕ್ಕೆ ಹೊಂದುತ್ತದೆ. ಹೆಂಗಸರು ಮಕ್ಕಳ ಮುಂದೆ ಹಳೆಯ ಹೆಸರನ್ನು ಹೇಳಲು ಸಂಕೋಚವೆಂದರೆ ಅದನ್ನೂ ತಳ್ಳಿಹಾಕಲಾರೆ. ಆದರೂ ನನ್ನ ಒಲವು ಹಳೆಯ ಹೆಸರಿನ ಕಡೆಗೇ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ, ಇಬ್ಬರು ಹುಡುಗಿಯರು ಟಿಪ್ಪಣಿಯಲ್ಲಿ ಯಾವ ಹೆಸರು ಬರೆಯಬೇಕೆಂದು ಕೇಳಿದರು. ನಾನು ಶಬ್ದದ ಚರಿತ್ರೆಯನ್ನು ವಿಸ್ತಾರವಾಗಿ ಹೇಳಲು ಹೊರಟೆ. ದನ ಬಿಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳು ಅಷ್ಟೂ ಕೇಳಿಸಿಕೊಂಡು, “ಹೆಸರಿಗೇನಾಗೈತ್ರೀ ಮೇಷ್ಟ್ರೇ? ನಮ್ಮವ್ವನೂ ಹಂಗೇ ಅಂತಿದ್ಲು, ನಾವೂ ಹಂಗೇ ಅಂತೀವಿ. ನೀರಿಗೆ ಬೇಜಾರಾಗೈತಾ?” ಎಂದಳು. ಹುಡುಗಿಯರು ನಕ್ಕರು, ಹಳೆಯ ಹೆಸರನ್ನೇ ಬರೆದುಕೊಂಡರು. ನನ್ನ ಉಪನ್ಯಾಸ ಅಲ್ಲಿಗೆ ಮುಗಿಯಿತು.

೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಶಿವಮೊಗ್ಗೆಯಿಂದ ಅದಕ್ಕೆ ಸೇರಿತು. ಕೆರೆಗೆ ಇದರಿಂದ ಆದದ್ದೇನೂ ಇಲ್ಲ. ಕೆರೆಯ ಕೆಳಗೆ ನೀರಾವರಿಗೆ ಕೊಡುವ ಲೆಕ್ಕ ಸುಮಾರು ೪,೭೦೦ ಎಕರೆ. ಮೇಲೆ ಹೇಳಿದ ೬,೫೫೦ನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಬೆಳೆ ಬೆಳೆಯುವ ನೆಲಕ್ಕಿಂತ ನೀರಿನಡಿಯಲ್ಲಿರುವ ನೆಲವೇ ಹೆಚ್ಚು. ಪೋರುಮಾಮಿಳ್ಳದ ಪಂಡಿತರು ನೋಡಿದ್ದರೆ ಆರನೆಯ ದೋಷವೆಂದು ಹುಬ್ಬು ಗಂಟಿಕ್ಕುತ್ತಿದ್ದರೋ ಏನೋ. ಆದರೆ ನೀರು ಈಗ ಗದ್ದೆ ತೋಟಗಳಿಗೆ ಮಾತ್ರ ಹೋಗುವುದಲ್ಲ. ಚಿತ್ರದುರ್ಗದಂಥ ಒಣ ಸೀಮೆಯ ಪಟ್ಟಣಕ್ಕೆ ಕೊಳವೆಗಳಲ್ಲಿ ಕುಡಿಯುವ ನೀರಾಗಿ ಹೋಗಿದೆ. ಕೆರೆ ಕಟ್ಟಿಸಿದವರಿಗೆ ಕನಸಿನಲ್ಲಿಯೂ ಹೊಳೆದಿರಲಾರದ ಅಚ್ಚುಕಟ್ಟು ಅದು.

ಇತ್ತೀಚಿನ ವರ್ಷಗಳಲ್ಲಿ ಆಚೆಯ ದಡ ಮತ್ತೆ ಸುದ್ದಿಗೆ ಬಂದಿದೆ. ಗುಡ್ಡಗಳಿಂದ ಇಳಿದ ಗೋಡುಮಣ್ಣು ಕೆರೆಯ ತುದಿಗಳಲ್ಲಿ ತುಂಬುತ್ತ ಬಂದು, ನೀರು ಹಿಂದೆ ಸರಿದ ಕಡೆ ಹೊಲ ತೋಟಗಳು ಮುಂದೆ ಬಂದಿವೆ. ಒತ್ತುವರಿಯೆಂಬ ಕೂಗೆದ್ದಿದೆ, ಅಳತೆ ಮಾಡಿ ಗಡಿ ಗುರುತಿಸಬೇಕೆಂದು ಕೆರೆಯ ಪರವಾದವರು ಹೋರಾಡಿದ್ದಾರೆ. ಅವರ ಮಾತು ಸರಿ. ಪಾತ್ರೆ ಕಿರಿದಾದರೆ ನೀರು ಎಲ್ಲಿ ನಿಲ್ಲಬೇಕು? ಒಂದು ಬೇಸಗೆಯಲ್ಲಿ ಕೆರೆ ಒಣಗಿದರೆ ಅದರ ಬೆಲೆ ಏರಿಯ ಮೇಲೆ ನಿಂತು ಫೋಟೋ ತೆಗೆಯುವವರಿಗೆ ತಿಳಿಯುವುದಿಲ್ಲ. ಕೊಡ ಹಿಡಿದು ನಿಂತವಳಿಗೆ ತಿಳಿಯುತ್ತದೆ. ಆದರೆ ಅಂಚಿನ ಹೊಲದವನನ್ನು ಬರಿಯ ಕಳ್ಳನೆಂದು ಕರೆದು ಮುಗಿಸಲು ನನಗೆ ಮನಸ್ಸು ಬಾರದು. ಅವರಲ್ಲಿ ನೂರು ಎಕರೆಯ ಧಣಿಗಳು ಇದ್ದರೆ ಅವರ ಮಾತು ಬೇರೆ. ವರ್ಷಕ್ಕೆ ನಾಲ್ಕು ತಿಂಗಳು ನೀರು, ನಾಲ್ಕು ತಿಂಗಳು ಕೆಸರು, ನಾಲ್ಕು ತಿಂಗಳು ನೆಲವಾಗುವ ಜಾಗದಲ್ಲಿ ಅಜ್ಜನ ಕಾಲದಿಂದ ಅವರೆಯನ್ನೋ ಕಡಲೆಯನ್ನೋ ಚೆಲ್ಲಿ ಬದುಕಿದವನಿಗೆ ಕೆರೆ ಎಲ್ಲಿ ಮುಗಿಯುತ್ತದೆಂಬುದನ್ನು ಕಾಗದ ನೋಡಿ ಹೇಳುವುದು ಸುಲಭ. ನೆಲ ನೋಡಿ ಹೇಳುವುದು ಕಷ್ಟ. ಗಡಿ ಹಾಕುವಾಗ ಅವನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರೆ, ಒಂಬೈನೂರು ವರ್ಷಗಳ ಹಿಂದೆ ನಡೆಯದೆ ಹೋದ ಒಂದು ಕೆಲಸ ಈಗ ನಡೆದಂತಾಗುತ್ತದೆ.

ಸಾಧ್ಯವಿದ್ದವರು ಮಾಘದ ಕೊನೆಯಲ್ಲಿ ಆ ಕಡೆಗೆ ಒಮ್ಮೆ ಹೋಗಿ ಬರಲಿ. ಇಳಿಯುತ್ತಿರುವ ನೀರು ತಾನು ತಂಗಿದ ಮಟ್ಟದಲ್ಲೆಲ್ಲ ಒಂದೊಂದು ಗೆರೆ ಬಿಟ್ಟು ಹೋಗಿರುತ್ತದೆ: ಒಣಗಿದ ಜೊಂಡಿನ ಚೂರು, ಬಸವನಹುಳುವಿನ ಬಿಳಿಯ ಚಿಪ್ಪು, ಹಕ್ಕಿಯ ಗರಿ, ಒಮ್ಮೊಮ್ಮೆ ಮೀನುಬಲೆಯ ಹರಕು. ಹೊಲದ ಬದುವಿನಿಂದ ನೀರಿನವರೆಗೆ ಇಂಥ ಹತ್ತು ಹನ್ನೆರಡು ಗೆರೆಗಳನ್ನು ಎಣಿಸಬಹುದು. ಮುಂಗಾರು ಬಂದು ಹೊಳೆ ತುಂಬಿದ ಮೇಲೆ ನೀರು ಅವನ್ನು ಒಂದೊಂದಾಗಿ ಅಳಿಸುತ್ತ ಬದುವಿನ ಕಡೆಗೆ ಬರುತ್ತದೆ.